ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಹೊರಟವರಿಗೆ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಎರಡು ದಶಕ ದಾಟಿದರೂ ಅಲ್ಲಿರುವ ಲೇಖನಗಳು 30 ಸಾವಿರದ ಆಸುಪಾಸಿನಲ್ಲಿವೆ. ಇಂಗ್ಲಿಷ್ ವಿಕಿಪೀಡಿಯ 70 ಲಕ್ಷ ದಾಟಿದೆ. ಓದುವವರಿಗೆ ಕೊರತೆಯಿಲ್ಲ, ನಿಯಮ ತಿಳಿದು ಬರೆಯುವವರು ಸಾಲದು. ಉತ್ಸಾಹದಿಂದ ಬರುವ ಹೊಸಬರಲ್ಲಿ ಎಷ್ಟೋ ಮಂದಿ ಮೊದಲ ಲೇಖನ ಅಳಿಸಿಹೋದ ದಿನವೇ ಬೇಸರಪಟ್ಟು ಹೊರಟುಹೋಗುತ್ತಾರೆ. ಅವರ ಕನ್ನಡ ಚೆನ್ನಾಗಿರುತ್ತದೆ, ವಿಷಯವೂ ತಿಳಿದಿರುತ್ತದೆ. ವಿಕಿಪೀಡಿಯಕ್ಕೆ ಎಂಥ ಬರಹ ಬೇಕು ಎಂಬುದನ್ನು ಮಾತ್ರ ಯಾರೂ ಅವರಿಗೆ ಮೊದಲೇ ಹೇಳಿರುವುದಿಲ್ಲ. ಆ ನಷ್ಟ ಕನ್ನಡದ್ದು. ಅದನ್ನು ತಪ್ಪಿಸಬೇಕೆಂಬ ಆಸೆಯಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ವಿಕಿಪೀಡಿಯದ ನಿಯಮಗಳ ಪುಟಗಳನ್ನು ಓದಲು ಕೂತರೆ ತಲೆ ಸುತ್ತುತ್ತದೆ. ಆದರೆ ಹೆಚ್ಚಿನ ನಿಯಮಗಳು ಒಂದೇ ಪ್ರಶ್ನೆಯಿಂದ ಹುಟ್ಟಿದವು: ‘ಇದನ್ನು ನೀವು ಎಲ್ಲಿ ಓದಿದಿರಿ?’ ಬರೆಯುವ ಪ್ರತಿ ವಾಕ್ಯಕ್ಕೂ ಈ ಪ್ರಶ್ನೆ ಹಾಕಿಕೊಳ್ಳುವ ಅಭ್ಯಾಸವಾದರೆ ಮುಕ್ಕಾಲು ಪಾಲು ಕಲಿಕೆ ಮುಗಿದಂತೆ.

ವಿವರಣೆ ಗಾಳಿಯಲ್ಲಿ ತೇಲಬಾರದೆಂದು ಒಂದು ಉದಾಹರಣೆಯನ್ನು ಹಿಡಿದುಕೊಳ್ಳೋಣ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆ. ಶಾಂತಿಸಾಗರ ಎಂದೂ ಕರೆಯುತ್ತಾರೆ. ನೀವು ಆ ಕಡೆಯವರು, ಆ ಕೆರೆಯ ಬಗ್ಗೆ ವಿಕಿಪೀಡಿಯದಲ್ಲಿ ಬರೆಯಬೇಕೆಂದಿದ್ದೀರಿ ಎಂದುಕೊಳ್ಳಿ.

ಮೊದಲ ಹೆಜ್ಜೆ: ಖಾತೆ, ಕೀಲಿಮಣೆ, ಪ್ರಯೋಗಪುಟ

ಖಾತೆಯಿಲ್ಲದೆಯೂ ಸಂಪಾದನೆ ಮಾಡಬಹುದು. ಆದರೂ ಖಾತೆ ತೆರೆಯಿರಿ. ನಿಮ್ಮ ಕೆಲಸವೆಲ್ಲ ಒಂದು ಹೆಸರಿನಡಿ ಸೇರುತ್ತದೆ, ಇತರರು ನಿಮ್ಮೊಂದಿಗೆ ಮಾತಾಡಲು ಒಂದು ಪುಟ ಸಿಗುತ್ತದೆ. ಅದೇ ಖಾತೆ ಇಂಗ್ಲಿಷ್, ತುಳು, ಕೊಂಕಣಿ ವಿಕಿಪೀಡಿಯಗಳಿಗೂ ಪುಸ್ತಕಗಳ ಪೂರ್ಣ ಪಠ್ಯ ಇಡುವ ತಾಣವಾದ ವಿಕಿಸೋರ್ಸ್‌ಗೂ ಸಲ್ಲುತ್ತದೆ. ಹೆಸರು ಕನ್ನಡ ಲಿಪಿಯಲ್ಲೇ ಇರಬಹುದು. ನಿಜನಾಮವೇ ಬೇಕೆಂದಿಲ್ಲ, ಪ್ರತಿ ಬದಲಾವಣೆಯ ಪಕ್ಕದಲ್ಲೂ ಅದು ಶಾಶ್ವತವಾಗಿ ಕಾಣುತ್ತಿರುತ್ತದೆ ಎಂಬುದನ್ನು ನೆನಪಿಟ್ಟು ಆರಿಸಿಕೊಳ್ಳಿ. ಸಂಘ, ಕಂಪನಿ, ಮಠ, ಕಾಲೇಜಿನ ಹೆಸರಿಡಬೇಡಿ. ಖಾತೆ ಒಬ್ಬ ವ್ಯಕ್ತಿಗೆ ಸೇರಿದ್ದು. ಮಿಂಚಂಚೆ ವಿಳಾಸ ಕೊಡುವುದು ಕಡ್ಡಾಯವಲ್ಲ, ಆದರೆ ಕೊಡದಿದ್ದರೆ ಗುಪ್ತಪದ ಮರೆತಾಗ ಖಾತೆ ಕೈತಪ್ಪುತ್ತದೆ.

ಕನ್ನಡ ಟೈಪ್ ಮಾಡಲು ಬೇರೆ ತಂತ್ರಾಂಶ ಬೇಕಿಲ್ಲ. ಬರೆಯುವ ಜಾಗದಲ್ಲಿ ಕ್ಲಿಕ್ ಮಾಡಿದಾಗ ಕಾಣುವ ಪುಟ್ಟ ಕೀಲಿಮಣೆಯ ಗುರುತಿನಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕಗಪ ಎಂಬ ಮೂರೂ ಟೈಪಿಂಗ್ ವಿಧಾನಗಳಿವೆ. ಕಂಟ್ರೋಲ್ ಜೊತೆ ಎಂ ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೂ ಅಲ್ಲಿಂದ ಮರಳಿ ಕನ್ನಡಕ್ಕೂ ಹೋಗಬಹುದು. ಒಂದು ಎಚ್ಚರಿಕೆ: ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕಡತಗಳು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಇರುವುದಿಲ್ಲ. ಅವನ್ನು ನೇರವಾಗಿ ಅಂಟಿಸಿದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಒಂದೊಂದೇ ಸಾಲು ನೋಡಿ.

ಖಾತೆಯೊಳಗೆ ಹೋದ ಮೇಲೆ ‘ಪ್ರಯೋಗಪುಟ’ ಸಿಗುತ್ತದೆ. ಅಲ್ಲಿ ಏನು ಬರೆದರೂ ಯಾವ ಲೇಖನಕ್ಕೂ ಹಾನಿಯಾಗದು. ಶೀರ್ಷಿಕೆ ಹಾಕುವುದು, ಕೊಂಡಿ ಕೊಡುವುದು, ಉಲ್ಲೇಖ ಸೇರಿಸುವುದು ಎಲ್ಲವನ್ನೂ ಅಲ್ಲೇ ಮಾಡಿ ನೋಡಿ. ಎರಡು ಬಗೆಯ ಸಂಪಾದನೆಗಳಿವೆ: ಕಂಡಂತೆಯೇ ತಿದ್ದುವುದು ಒಂದು, ಸಂಕೇತಗಳ ಮೂಲಕ ತಿದ್ದುವುದು ಇನ್ನೊಂದು. ಎರಡನೆಯದರಲ್ಲಿ [[ಚನ್ನಗಿರಿ]] ಎಂದು ಜೋಡಿ ಚೌಕ ಆವರಣದಲ್ಲಿ ಬರೆದರೆ ಚನ್ನಗಿರಿಯ ಲೇಖನಕ್ಕೆ ಕೊಂಡಿಯಾಗುತ್ತದೆ, == ಇತಿಹಾಸ == ಎಂದು ಬರೆದರೆ ಉಪಶೀರ್ಷಿಕೆಯಾಗುತ್ತದೆ. ಕೊಂಡಿ ಕೆಂಪಾಗಿ ಕಂಡರೆ ಆ ಲೇಖನ ಇನ್ನೂ ಯಾರಿಂದಲೂ ಬರೆಯಿಸಿಕೊಂಡಿಲ್ಲ ಎಂದರ್ಥ. ಹೆದರಬೇಡಿ, ಮುಂದೊಂದು ದಿನ ಬರೆಯಬೇಕಾದ ಲೇಖನಗಳ ಪಟ್ಟಿ ಅಲ್ಲೇ ಸಿಕ್ಕಿತು.

ಎರಡನೆಯ ಹೆಜ್ಜೆ: ಇರುವುದನ್ನು ತಿದ್ದಿ

ಹೊಸಬರಲ್ಲಿ ನನ್ನದೊಂದು ಕಳಕಳಿಯ ಕೋರಿಕೆ: ಮೊದಲ ದಿನವೇ ಹೊಸ ಲೇಖನಕ್ಕೆ ಕೈಹಾಕಬೇಡಿ. ಕೆಲವು ವಾರ ಇರುವ ಲೇಖನಗಳನ್ನು ತಿದ್ದಿ. ನಿಮ್ಮ ತಾಲ್ಲೂಕು, ನೀವು ಓದಿದ ವಿಷಯ, ನಿಮ್ಮ ಕಸುಬು, ಇವಕ್ಕೆ ಸಂಬಂಧಿಸಿದ ಪುಟಗಳನ್ನು ಹುಡುಕಿ. ಕಾಗುಣಿತ ತಪ್ಪಿದೆಯೇ, ವಾಕ್ಯ ಅರ್ಧಕ್ಕೆ ನಿಂತಿದೆಯೇ, ಇಸವಿ ತಪ್ಪಾಗಿದೆಯೇ ನೋಡಿ.

ಸೂಳೆಕೆರೆಯ ವಿಷಯದಲ್ಲಿ ಇಂಥ ಒಂದು ತಿದ್ದುಪಡಿ ಸಹಜವಾಗಿ ಬರುತ್ತದೆ. ಹಳೆಯ ಪುಸ್ತಕಗಳಲ್ಲಿ ಅದು ಶಿವಮೊಗ್ಗ ಜಿಲ್ಲೆಯ ಕೆರೆ. ಅವು ಅಚ್ಚಾದ ಕಾಲಕ್ಕೆ ಅದು ಸರಿಯೇ ಆಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ತಾಲ್ಲೂಕು ಅದಕ್ಕೆ ಸೇರಿತು. ಹಳೆಯ ಆಕರವನ್ನು ನೋಡಿ ಬರೆದ ಲೇಖನದಲ್ಲಿ ಜಿಲ್ಲೆಯ ಹೆಸರು ತಪ್ಪಾಗಿದ್ದರೆ ತಿದ್ದಬೇಕು, ಏಕೆ ತಿದ್ದಿದಿರಿ ಎಂದು, ಪ್ರಕಟಿಸುವಾಗ ಕಾಣುವ ಸಾರಾಂಶದ ಪೆಟ್ಟಿಗೆಯಲ್ಲಿ ಬರೆಯಬೇಕು: ‘1997ರಿಂದ ಚನ್ನಗಿರಿ ದಾವಣಗೆರೆ ಜಿಲ್ಲೆಯಲ್ಲಿದೆ’. ಆ ಪೆಟ್ಟಿಗೆಯನ್ನು ಖಾಲಿ ಬಿಡಬೇಡಿ. ನಿಮ್ಮ ಬದಲಾವಣೆಯನ್ನು ನೋಡುವ ಇನ್ನೊಬ್ಬ ಸಂಪಾದಕರಿಗೆ ನಿಮ್ಮ ಉದ್ದೇಶ ತಿಳಿಯುವ ಮೊದಲ ಜಾಗ ಅದು.

ತಿದ್ದಬಾರದ ತಿದ್ದುಪಡಿಗಳೂ ಇವೆ. ‘ತಾಲ್ಲೂಕು’ ಎಂದಿರುವುದನ್ನು ‘ತಾಲೂಕು’ ಮಾಡುವುದು, 1, 2, 3 ಎಂದಿರುವುದನ್ನು ೧, ೨, ೩ ಮಾಡುವುದು ಅಥವಾ ಅದರ ತಿರುಗುಮುರುಗು. ಎರಡೂ ರೂಪಗಳು ಬಳಕೆಯಲ್ಲಿದ್ದಾಗ ಲೇಖನದಲ್ಲಿ ಮೊದಲಿನಿಂದ ಇರುವುದನ್ನೇ ಉಳಿಸಿ. ಒಂದು ಲೇಖನದೊಳಗೆ ಒಂದೇ ಬಗೆ ಇದ್ದರೆ ಸಾಕು.

ಪ್ರಕಟಿಸುವ ಮುನ್ನ ಮುನ್ನೋಟ ನೋಡಿ. ಪ್ರಕಟಿಸಿದ ಮೇಲೆ ‘ಇತಿಹಾಸ’ ತೆರೆಯಿರಿ. ಆ ಪುಟದಲ್ಲಿ ಯಾರು, ಯಾವಾಗ, ಯಾವ ಅಕ್ಷರ ಬದಲಿಸಿದರು ಎಂಬುದೆಲ್ಲ ದಾಖಲಾಗಿರುತ್ತದೆ. ಯಾವ ಹಳೆಯ ರೂಪಕ್ಕೆ ಬೇಕಾದರೂ ಹಿಂದಿರುಗಬಹುದು. ಆದ್ದರಿಂದ ನೀವು ಏನೋ ಕೆಡಿಸಿಬಿಡುತ್ತೀರಿ ಎಂಬ ಅಂಜಿಕೆ ಬೇಡ.

ಮೂರನೆಯ ಹೆಜ್ಜೆ: ಆಕರ ಹುಡುಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕನ್ನಡ ಲೇಖನಗಳು ಬಡವಾಗಿರುವುದು ಹೆಚ್ಚಾಗಿ ಇಲ್ಲೇ.

ಸೂಳೆಕೆರೆಯ ಬಗ್ಗೆ ಎಲ್ಲರ ಬಾಯಲ್ಲೂ ಇರುವ ಮಾತು: ‘ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ’. ಪತ್ರಿಕೆಗಳಲ್ಲೂ ಪ್ರವಾಸಿ ಬರಹಗಳಲ್ಲೂ ಇದು ಮತ್ತೆ ಮತ್ತೆ ಬರುತ್ತದೆ. ವಿಕಿಪೀಡಿಯದಲ್ಲಿ ಇದನ್ನು ಬರೆಯುವ ಮುನ್ನ ಕೇಳಬೇಕು: ಅಳೆದವರು ಯಾರು? ನೀರು ಹರಡುವ ವಿಸ್ತಾರದಲ್ಲೋ, ಸಂಗ್ರಹ ಸಾಮರ್ಥ್ಯದಲ್ಲೋ? ಮೊದಲನೆಯದು ಯಾವುದು? ಇದಕ್ಕೆ ಉತ್ತರ ಕೊಡುವ ಆಕರ ಸಿಕ್ಕಿದರೆ ಅದರ ಹೆಸರು ಹೇಳಿ ಬರೆಯಿರಿ. ಸಿಗದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡಿ. ನೀರಾವರಿ ಇಲಾಖೆಯ ದಾಖಲೆಯಲ್ಲಿರುವ ವಿಸ್ತಾರ, ಅಚ್ಚುಕಟ್ಟು ಪ್ರದೇಶದ ಅಂಕಿಗಳನ್ನು ಹಾಕಿ. ಕೆರೆಯ ದೊಡ್ಡತನ ಓದುಗರಿಗೆ ಆ ಅಂಕಿಗಳಿಂದಲೇ ತಿಳಿಯುತ್ತದೆ.

ಒಳ್ಳೆಯ ಆಕರ ಎಂದರೇನು? ಬರೆದವರಿಗೂ ವಿಷಯಕ್ಕೂ ಲಾಭನಷ್ಟದ ಸಂಬಂಧ ಇರಬಾರದು. ಪ್ರಕಟವಾಗುವ ಮುನ್ನ ಇನ್ನೊಬ್ಬರು ಅದನ್ನು ಪರಿಶೀಲಿಸಿರಬೇಕು. ಓದುಗರು ಬಯಸಿದರೆ ಅದನ್ನು ಹುಡುಕಿ ನೋಡಲು ಸಾಧ್ಯವಿರಬೇಕು. ವಿಶ್ವವಿದ್ಯಾನಿಲಯಗಳ ಪ್ರಕಟಣೆ, ಹೆಸರಾಂತ ಪ್ರಕಾಶನದ ಪುಸ್ತಕ, ಗೆಜೆಟಿಯರ್ (ಜಿಲ್ಲೆ, ಊರುಗಳ ವಿವರ ಕೊಡುವ ಸರ್ಕಾರಿ ಗ್ರಂಥ), ಸಂಶೋಧನ ಪತ್ರಿಕೆ, ಮುಖ್ಯ ದಿನಪತ್ರಿಕೆಗಳ ವರದಿ ಇವೆಲ್ಲ ಸಲ್ಲುತ್ತವೆ. ವಾಟ್ಸ್ಆ್ಯಪ್ ಸಂದೇಶ, ಫೇಸ್‌ಬುಕ್ ಬರಹ, ಜಾತ್ರೆಯ ಕರಪತ್ರ, ಸಂಸ್ಥೆಯ ಸ್ವಂತ ಪ್ರಚಾರಪತ್ರ ಸಲ್ಲುವುದಿಲ್ಲ. ಇನ್ನೊಂದು ವಿಕಿಪೀಡಿಯ ಲೇಖನವೂ ಆಕರವಲ್ಲ. ಅದರ ಕೆಳಗಿರುವ ಉಲ್ಲೇಖವನ್ನು ತೆರೆದು, ಓದಿ, ಅದನ್ನೇ ಕೊಡಬೇಕು. ಅಭಿನಂದನ ಗ್ರಂಥಗಳಲ್ಲಿ ಇಸವಿ, ಊರು, ಕೃತಿಗಳ ಪಟ್ಟಿ ಉಪಯೋಗಕ್ಕೆ ಬರುತ್ತವೆ. ಅಲ್ಲಿನ ಹೊಗಳಿಕೆಯನ್ನು ಮಾತ್ರ ಅಲ್ಲೇ ಬಿಡಿ.

ಆಕರ ಅಂತರ್ಜಾಲದಲ್ಲೇ ಇರಬೇಕೆಂಬ ತಪ್ಪುಕಲ್ಪನೆ ಬಹಳ ಜನರಲ್ಲಿದೆ. ಅಚ್ಚಾದ ಪುಸ್ತಕ ಧಾರಾಳವಾಗಿ ಸಾಕು. ಲೇಖಕರು, ಪುಸ್ತಕ, ಪ್ರಕಾಶಕರು, ವರ್ಷ, ಪುಟಸಂಖ್ಯೆ ಇಷ್ಟು ಕೊಡಿ. ಪುಟಸಂಖ್ಯೆಯಿಲ್ಲದ ಉಲ್ಲೇಖ ಓದುಗರನ್ನು ಐನೂರು ಪುಟಗಳ ನಡುವೆ ಕೈಬಿಡುತ್ತದೆ. ಕನ್ನಡದ ಮಟ್ಟಿಗೆ ನಿಮ್ಮ ಊರಿನ ಗ್ರಂಥಾಲಯದ ಕಪಾಟಿನಲ್ಲಿ ಇರುವಷ್ಟು ಆಕರ ಗೂಗಲ್ ಹುಡುಕಾಟದಲ್ಲಿ ಸಿಗುವುದಿಲ್ಲ. ಆ ಕಪಾಟಿನ ಹತ್ತಿರ ಹೋಗಬಲ್ಲ ಪ್ರತಿಯೊಬ್ಬರೂ ಕನ್ನಡ ವಿಕಿಪೀಡಿಯಕ್ಕೆ ಅಮೂಲ್ಯರು.

ನಮ್ಮ ಕೆರೆಗೆ ಎಲ್ಲಿ ಹುಡುಕುವುದು? ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಸೂಳೆಕೆರೆಯ ವರ್ಣನೆ ಇದೆ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಆವೃತ್ತಿಯ ಏಳನೆಯ ಸಂಪುಟದಲ್ಲಿ ಚನ್ನಗಿರಿ ತಾಲ್ಲೂಕಿನ ಶಾಸನಗಳಿವೆ. ಇಂಥ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿ ತಾಣದಲ್ಲಿ ನಿಘಂಟುಗಳೂ ಪುಸ್ತಕಗಳೂ ಇವೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ಕನ್ನಡ ವಿಕಿಪೀಡಿಯಕ್ಕೆ ಸಿಕ್ಕ ದೊಡ್ಡ ಕೊಡುಗೆ. ಅದರ ಬರಹಗಳು ಕನ್ನಡ ವಿಕಿಸೋರ್ಸ್‌ನಲ್ಲಿವೆ. ಮೂಲವನ್ನು ಹೆಸರಿಸಿ ಅಲ್ಲಿಂದ ತೆಗೆದುಕೊಳ್ಳಬಹುದು. ಅವು ಹಲವು ದಶಕಗಳ ಹಿಂದಿನ ಬರಹಗಳಾದ್ದರಿಂದ ಜನಸಂಖ್ಯೆ, ಜಿಲ್ಲೆ, ರಸ್ತೆಗಳ ವಿವರವನ್ನು ಹೊಸ ಆಕರದಿಂದ ತಾಳೆ ನೋಡಬೇಕು.

ಶಾಸನ ಸಿಕ್ಕಿತೆಂದು ಅದನ್ನು ನೀವೇ ಓದಿ ತೀರ್ಮಾನ ಬರೆಯಬೇಡಿ. ಶಾಸನ ಮೂಲ ದಾಖಲೆ. ಅದರ ಅರ್ಥವೇನು, ಕಾಲ ಯಾವುದು ಎಂದು ಇತಿಹಾಸಕಾರರು ಪ್ರಕಟಿಸಿದ ಅಭಿಪ್ರಾಯವನ್ನು ಅವರ ಹೆಸರಿನೊಂದಿಗೆ ಬರೆಯಬೇಕು. ವಿಕಿಪೀಡಿಯದಲ್ಲಿ ‘ಸ್ವಂತ ಸಂಶೋಧನೆ ಸಲ್ಲದು’ ಎಂಬ ನಿಯಮದ ಅರ್ಥ ಇದು. ನಿಮ್ಮ ತೀರ್ಮಾನ ಸರಿಯೇ ಇರಬಹುದು. ಆಗ ಅದನ್ನು ಮೊದಲು ಒಂದು ಸಂಶೋಧನ ಪತ್ರಿಕೆಗೆ ಕಳಿಸಿ, ಅದು ಅಚ್ಚಾದ ಮೇಲೆ ವಿಕಿಪೀಡಿಯಕ್ಕೆ ಬರಲಿ.

ಪತ್ರಿಕೆಗಳ ಜಾಲತಾಣದ ಕೊಂಡಿಗಳು ಕೆಲವೇ ವರ್ಷಗಳಲ್ಲಿ ಸಾಯುತ್ತವೆ. ಕೊಂಡಿ ಕೊಡುವಾಗಲೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟವನ್ನು ಉಳಿಸಿ, ಉಳಿಸಿದ ಕೊಂಡಿಯನ್ನೂ ಜೊತೆಗೆ ಕೊಡಿ. ಶೀರ್ಷಿಕೆ, ಪತ್ರಿಕೆ, ದಿನಾಂಕ ಬರೆದಿಟ್ಟರೆ ಕೊಂಡಿ ಸತ್ತರೂ ಉಲ್ಲೇಖ ಬದುಕುತ್ತದೆ.

ಈಚಿನ ಒಂದು ಅಪಾಯವನ್ನೂ ಹೇಳಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ‘ಸೂಳೆಕೆರೆ ಬಗ್ಗೆ ಉಲ್ಲೇಖ ಸಹಿತ ಬರೆ’ ಎಂದರೆ ಅದು ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆಗಳನ್ನು ಸಲೀಸಾಗಿ ಹುಟ್ಟಿಸಿ ಕೊಡಬಲ್ಲದು. ನೀವು ಕಣ್ಣಾರೆ ನೋಡದ ಯಾವ ಆಕರವನ್ನೂ ಲೇಖನಕ್ಕೆ ಹಾಕಬೇಡಿ. ಒಂದು ಸುಳ್ಳು ಉಲ್ಲೇಖವನ್ನು ಹಿಡಿಯಲು ಇನ್ನೊಬ್ಬರು ದಿನಗಟ್ಟಲೆ ಗ್ರಂಥಾಲಯ ಅಲೆಯಬೇಕಾಗುತ್ತದೆ.

ಆಕರವೇ ಇಲ್ಲದ ಜ್ಞಾನದ ಗತಿಯೇನು? ಈ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ. ಕೆರೆಯ ನೀರು ಬಿಡುವ ನೀರಗಂಟಿಗೆ ತೂಬು, ಕಾಲುವೆ, ಸರದಿಯ ಬಗ್ಗೆ ತಿಳಿದಿರುವುದು ಯಾವ ಗೆಜೆಟಿಯರ್‌ನಲ್ಲೂ ಇರಲಿಕ್ಕಿಲ್ಲ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ನೆರವಿನಿಂದ 2011ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಮೌಖಿಕ ಹೇಳಿಕೆಗಳನ್ನು ಧ್ವನಿಮುದ್ರಿಸಿ ಉಲ್ಲೇಖವಾಗಿ ಬಳಸುವ ಪ್ರಯೋಗ ನಡೆಯಿತು. ಮಲಯಾಳ, ಹಿಂದಿ ಭಾಷೆಗಳು ಅದರಲ್ಲಿದ್ದವು. ಆದರೆ ಅದು ಸಾಮಾನ್ಯ ನಿಯಮವಾಗಲಿಲ್ಲ. ಸದ್ಯಕ್ಕೆ ನಮಗಿರುವ ದಾರಿ, ಅಂಥ ಜ್ಞಾನವನ್ನು ಮೊದಲು ಬೇರೆಡೆ ಪ್ರಕಟವಾಗುವಂತೆ ಮಾಡುವುದು. ಸ್ಥಳೀಯ ಪತ್ರಿಕೆಗೆ, ಜಾನಪದ ಸಂಶೋಧಕರಿಗೆ, ಕಾಲೇಜಿನ ಅಧ್ಯಾಪಕರಿಗೆ ವಿಷಯ ತಲುಪಿಸಿ. ತೂಬಿನ ಚಿತ್ರಗಳನ್ನಂತೂ ಇಂದೇ ತೆಗೆದು ಹಾಕಬಹುದು.

ನಾಲ್ಕನೆಯ ಹೆಜ್ಜೆ: ಧಾಟಿ

ಕನ್ನಡದಲ್ಲಿ ವ್ಯಕ್ತಿಗಳ ಬಗ್ಗೆ ಬರೆಯುವಾಗ ಕೈ ತಾನಾಗಿ ಸನ್ಮಾನಪತ್ರದ ಕಡೆ ವಾಲುತ್ತದೆ. ‘ನಾಡು ಕಂಡ ಅಪರೂಪದ ಚೇತನ’, ‘ಕನ್ನಡಾಂಬೆಯ ಹೆಮ್ಮೆಯ ಪುತ್ರ’, ‘ಇವರಿಗೆ ಸಂದ ಪ್ರಶಸ್ತಿಗಳಿಗೆ ಲೆಕ್ಕವಿಲ್ಲ’. ಇವೆಲ್ಲ ಹೊರಗಿರಲಿ. ಯಾವ ಪ್ರಶಸ್ತಿ, ಯಾವ ವರ್ಷ, ಯಾವ ಕೃತಿಗೆ ಎಂದು ಬರೆದು ಉಲ್ಲೇಖ ಕೊಡಿ. ಲೆಕ್ಕವಿಲ್ಲ ಎಂದವರಿಗಿಂತ ಲೆಕ್ಕ ಕೊಟ್ಟವರೇ ಆ ವ್ಯಕ್ತಿಗೆ ಹೆಚ್ಚು ಗೌರವ ಸಲ್ಲಿಸಿದಂತೆ.

‘ಅವರು’, ‘ಬರೆದರು’, ‘ಹೋದರು’ ಎಂಬ ಗೌರವಸೂಚಕ ಬಹುವಚನ ಇರಲಿ. ಅದು ನಮ್ಮ ಭಾಷೆಯ ಸಹಜ ನಡೆ. ಶೀರ್ಷಿಕೆಯಲ್ಲಿ ಡಾ., ಶ್ರೀ, ಪೂಜ್ಯ, ಪದ್ಮಶ್ರೀ ಬೇಡ. ‘ಜನಿಸಿದರು’ ಸಾಕು, ‘ಅವತರಿಸಿದರು’ ಬೇಡ. ಸಾವಿನ ವಿಷಯದಲ್ಲಿ ನಮ್ಮಲ್ಲಿ ಒಂದೊಂದು ಸಮುದಾಯಕ್ಕೆ ಒಂದೊಂದು ಮಾತಿದೆ: ಲಿಂಗೈಕ್ಯರಾದರು, ಹರಿಪಾದ ಸೇರಿದರು, ದೈವಾಧೀನರಾದರು, ಸ್ವರ್ಗಸ್ಥರಾದರು. ಪ್ರತಿಯೊಂದೂ ಒಂದು ನಂಬಿಕೆಯ ಒಳಗಿನಿಂದ ಆಡುವ ಮಾತು. ವಿಶ್ವಕೋಶಕ್ಕೆ ‘ನಿಧನರಾದರು’ ಎಂಬುದೇ ಸರಿ.

‘ನಮ್ಮ ರಾಜ್ಯ’, ‘ನಮ್ಮ ದೇಶ’ ಎನ್ನಬೇಡಿ. ಓದುವವರು ಕಾಸರಗೋಡಿನಲ್ಲೋ ಸೊಲ್ಲಾಪುರದಲ್ಲೋ ಮೆಲ್ಬರ್ನ್‌ನಲ್ಲೋ ಇರಬಹುದು. ‘ಕರ್ನಾಟಕ’, ‘ಭಾರತ’ ಎಂದೇ ಬರೆಯಿರಿ. ‘ಇತ್ತೀಚೆಗೆ’, ‘ಈಗಿನ’, ‘ಕಳೆದ ವರ್ಷ’ ಎಂಬ ಮಾತುಗಳು ಬರೆದ ಮರುವರ್ಷವೇ ಸುಳ್ಳಾಗುತ್ತವೆ, ಇಸವಿ ಹಾಕಿ. ‘ಪ್ರತಿಯೊಬ್ಬರೂ ಒಮ್ಮೆ ನೋಡಲೇಬೇಕಾದ ತಾಣ’ ಎಂಬ ಮಾತು ಪ್ರವಾಸಿ ಲೇಖನಕ್ಕೆ ಸೇರಿದ್ದು.

ಸ್ಥಳಪುರಾಣಗಳನ್ನು ಬಿಡಬೇಕಿಲ್ಲ. ಸೂಳೆಕೆರೆಗೆ ಶಾಂತವ್ವೆ ಎಂಬ ರಾಜಕುಮಾರಿಯ ಕಥೆಯಿದೆ: ಅವಳು ಕೆರೆ ಕಟ್ಟಿಸಲು ಹೊರಟಾಗ ಆ ಜಾಗದಲ್ಲಿದ್ದ ಸೂಳೆಯರು ಕೆರೆಗೆ ತಮ್ಮ ಹೆಸರಿಡಬೇಕೆಂದು ಕೇಳಿದರಂತೆ. ಇದು ಲೇಖನದಲ್ಲಿ ಇರಬೇಕಾದದ್ದೇ. ‘ಐತಿಹ್ಯ’ ಎಂಬ ಉಪಶೀರ್ಷಿಕೆಯಡಿ, ‘ಐತಿಹ್ಯದ ಪ್ರಕಾರ’ ಎಂದು ಆರಂಭಿಸಿ, ಅದನ್ನು ದಾಖಲಿಸಿದ ಪುಸ್ತಕದ ಉಲ್ಲೇಖದೊಂದಿಗೆ ಬರೆಯಿರಿ. ಆದರೆ ಅದನ್ನು ‘ಇತಿಹಾಸ’ದ ಭಾಗಕ್ಕೆ ಸೇರಿಸಬೇಡಿ.

ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದ್ದರೆ? ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಶಾಸನವನ್ನು ಸುಮಾರು ಕ್ರಿ.ಶ. 450ರದೆಂದು, ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಬಹಳ ಕಾಲ ಹೇಳಲಾಗುತ್ತಿತ್ತು. ಆಮೇಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಶಾಸನವೊಂದು ಅದಕ್ಕಿಂತ ಹಿಂದಿನದೆಂಬ ಅಭಿಪ್ರಾಯ ಬಂದಿತು. ಇಂಥ ಕಡೆ ನಿಮಗೆ ಯಾವುದು ಸರಿ ಎನಿಸುತ್ತದೆ ಎಂಬುದಕ್ಕೆ ಲೇಖನದಲ್ಲಿ ಜಾಗವಿಲ್ಲ. ಯಾರು ಏನು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು ಎಂದು ಎರಡನ್ನೂ ಬರೆಯಿರಿ. ಹೆಚ್ಚು ವಿದ್ವಾಂಸರು ಒಪ್ಪಿದ್ದಕ್ಕೆ ಹೆಚ್ಚು ಜಾಗ ಕೊಡಿ. ತಟಸ್ಥ ದೃಷ್ಟಿಕೋನ ಎಂಬುದರ ತಿರುಳು ಇಷ್ಟೆ.

ಬದುಕಿರುವವರ ಬಗ್ಗೆ ಇನ್ನೂ ಕಟ್ಟುನಿಟ್ಟು. ಆಕರವಿಲ್ಲದ ಆರೋಪದ ಒಂದು ಸಾಲೂ ಉಳಿಯಬಾರದು. ಕಂಡರೆ ಯಾರೂ ಕೂಡಲೇ ತೆಗೆಯಬಹುದು. ಜಾತಿ, ಗಡಿ, ಚುನಾವಣೆಯ ಪುಟಗಳಿಂದ ಆರಂಭದ ತಿಂಗಳುಗಳಲ್ಲಿ ದೂರವಿರಿ.

ಐದನೆಯ ಹೆಜ್ಜೆ: ಹಕ್ಕುಸ್ವಾಮ್ಯ

ವಿಕಿಪೀಡಿಯದಲ್ಲಿ ಬರೆದದ್ದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಹೆಸರು ಹೇಳಿ ಬಳಸಬಹುದು. ನೀವು ‘ಪ್ರಕಟಿಸಿ’ ಎಂದು ಒತ್ತಿದಾಗ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಆ ಅನುಮತಿ ಕೊಟ್ಟಿರುತ್ತೀರಿ. ಆದ್ದರಿಂದ ನಿಮ್ಮದಲ್ಲದ್ದನ್ನು ಅಲ್ಲಿ ಹಾಕುವಂತಿಲ್ಲ. ಪತ್ರಿಕೆಯ ಲೇಖನದಲ್ಲಿ ನಾಲ್ಕಾರು ಪದ ಬದಲಿಸಿ ಹಾಕುವುದೂ ನಕಲೇ. ಎರಡು ಮೂರು ಆಕರ ಓದಿ, ಪುಸ್ತಕ ಮುಚ್ಚಿಟ್ಟು, ನಿಮ್ಮ ವಾಕ್ಯಗಳಲ್ಲಿ ಬರೆದು, ಆಮೇಲೆ ವಿವರಗಳನ್ನು ತಾಳೆ ನೋಡುವುದು ಒಳ್ಳೆಯ ಪದ್ಧತಿ.

ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಉಳಿಯುತ್ತದೆ. 1975ರಲ್ಲಿ ನಿಧನರಾದ ಡಿ.ವಿ.ಜಿ. ಅವರ ಬರಹಗಳಿಗೆ 2035ರ ಕೊನೆಯವರೆಗೆ, 1981ರಲ್ಲಿ ನಿಧನರಾದ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ. ಹೀಗಾಗಿ ಪೂರ್ತಿ ಕವಿತೆ, ಪೂರ್ತಿ ಚಿತ್ರಗೀತೆ ಹಾಕಬೇಡಿ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಬರಹಗಳಂತೆ ಹಕ್ಕು ಮುಗಿದವು ಮುಕ್ತವಾಗಿವೆ, ಆದರೆ ಪೂರ್ಣ ಪಠ್ಯದ ಜಾಗ ವಿಕಿಸೋರ್ಸ್.

ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಅಲ್ಲಿಂದ ಎಲ್ಲ ಭಾಷೆಯವರೂ ಬಳಸುತ್ತಾರೆ. ನೀವೇ ತೆಗೆದ ಚಿತ್ರವಾಗಿರಬೇಕು. ಅಂತರ್ಜಾಲದಲ್ಲಿ ಸಿಕ್ಕಿದ್ದು, ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂಬ ಷರತ್ತಿನದು ನಡೆಯುವುದಿಲ್ಲ. ಹಳೆಯ ಫೋಟೊ ನಿಮ್ಮ ಮನೆಯ ಗೋಡೆಯ ಮೇಲಿದೆ ಎಂದ ಮಾತ್ರಕ್ಕೆ ಅದರ ಹಕ್ಕು ನಿಮ್ಮದಾಗದು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪ, ಕಟ್ಟಡಗಳ ಚಿತ್ರ ತೆಗೆದು ಹಾಕಲು ನಮ್ಮ ಕಾನೂನು ಬಿಡುತ್ತದೆ. ಈಚಿನ ಗೋಡೆಚಿತ್ರ, ಭಿತ್ತಿಪತ್ರಗಳಿಗೆ ಆ ಸೌಲಭ್ಯವಿಲ್ಲ. ಸೂಳೆಕೆರೆಯ ಏರಿ, ತೂಬು, ಹಿಂದಿನ ಗುಡ್ಡಗಳನ್ನು ಬೇರೆ ಬೇರೆ ಋತುವಿನಲ್ಲಿ ತೆಗೆದು, ಎಲ್ಲಿ, ಯಾವ ದಿನ ಎಂದು ವಿವರಣೆ ಬರೆಯಿರಿ.

ಆರನೆಯ ಹೆಜ್ಜೆ: ಹೊಸ ಲೇಖನ

ಎಲ್ಲದಕ್ಕೂ ಲೇಖನ ಸಿಗುವುದಿಲ್ಲ. ವಿಷಯಕ್ಕೆ ಸಂಬಂಧವಿಲ್ಲದ ಹಲವರು, ವಿಶ್ವಾಸಾರ್ಹ ಆಕರಗಳಲ್ಲಿ, ಅದರ ಬಗ್ಗೆ ವಿವರವಾಗಿ ಬರೆದಿರಬೇಕು. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಂದಿದ್ದರೆ, ಪತ್ರಿಕೆಯಲ್ಲಿ ಒಂದು ಸಾಲು ಬಂದಿದ್ದರೆ ಸಾಲದು. ಬಹಳಷ್ಟು ಹೊಸಬರ ಲೇಖನಗಳು ಅಳಿಸಿಹೋಗುವುದು ಈ ಕಾರಣಕ್ಕೆ. ಲೇಖನ ಸಿಗಲಿಲ್ಲ ಎಂದರೆ ಆ ವ್ಯಕ್ತಿ ದೊಡ್ಡವರಲ್ಲ ಎಂದರ್ಥವಲ್ಲ, ಅವರ ಬಗ್ಗೆ ಇನ್ನೂ ಸಾಕಷ್ಟು ಅಚ್ಚಾಗಿಲ್ಲ ಎಂದಷ್ಟೇ ಅರ್ಥ.

ನಿಮ್ಮ ಬಗ್ಗೆ, ನಿಮ್ಮ ತಂದೆಯವರ ಬಗ್ಗೆ, ಗುರುಗಳ ಬಗ್ಗೆ, ಕೆಲಸ ಮಾಡುವ ಸಂಸ್ಥೆಯ ಬಗ್ಗೆ ಬರೆಯಬೇಡಿ. ಬರೆಯಲೇಬೇಕಾದ ಮಾಹಿತಿ ಇದ್ದರೆ ಆ ಲೇಖನದ ಚರ್ಚಾಪುಟದಲ್ಲಿ ನಿಮ್ಮ ಸಂಬಂಧವನ್ನು ಹೇಳಿ, ಆಕರ ಕೊಟ್ಟು ಕೋರಿಕೆ ಇಡಿ. ಹಣ ಪಡೆದು ಬರೆಯುವವರು ಯಾರಿಂದ ಪಡೆದಿದ್ದೇವೆ ಎಂದು ತಿಳಿಸುವುದು 2014ರಿಂದ ಬಳಕೆಯ ಷರತ್ತುಗಳಲ್ಲೇ ಕಡ್ಡಾಯವಾಗಿದೆ.

ಬರೆಯುವ ಮೊದಲು ಲೇಖನ ಬೇರೆ ಹೆಸರಿನಲ್ಲಿ ಇದೆಯೇ ನೋಡಿ. ‘ಸೂಳೆಕೆರೆ’ ಎಂದು ಹುಡುಕಿ, ‘ಸೂಳೆ ಕೆರೆ’ ಎಂದು ಬಿಡಿಸಿ ಹುಡುಕಿ, ‘ಶಾಂತಿಸಾಗರ’, ‘ಶಾಂತಿ ಸಾಗರ’ ಎಂದೂ ಹುಡುಕಿ. ಯಾವುದನ್ನು ಶೀರ್ಷಿಕೆ ಮಾಡಬೇಕು? ಕೆಲವರಿಗೆ ಮೊದಲನೆಯ ಹೆಸರು ಮುಜುಗರ ತರುತ್ತದೆ, ಹಾಗಾಗಿ ಎರಡನೆಯದೇ ಇರಲಿ ಎನ್ನುತ್ತಾರೆ. ವಿಕಿಪೀಡಿಯ ಕೇಳುವುದು ಆಕರಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರನ್ನು. ಅದನ್ನು ಶೀರ್ಷಿಕೆ ಮಾಡಿ, ಉಳಿದ ಹೆಸರುಗಳಿಂದ ಅಲ್ಲಿಗೆ ಪುನರ್ನಿರ್ದೇಶನ (ಆ ಹೆಸರು ಹುಡುಕಿದವರನ್ನು ತಾನಾಗಿ ಈ ಲೇಖನಕ್ಕೆ ತರುವ ಏರ್ಪಾಡು) ಕೊಡಿ, ಮೊದಲ ವಾಕ್ಯದಲ್ಲೇ ಎರಡೂ ಹೆಸರುಗಳನ್ನು ಹೇಳಿ. ಊರಿನ ನೆನಪಿನಲ್ಲಿ ಉಳಿದ ಹೆಸರನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಮೊದಲ ವಾಕ್ಯ ವಿಷಯ ಏನೆಂದು ಹೇಳಬೇಕು: ‘ಸೂಳೆಕೆರೆ ಅಥವಾ ಶಾಂತಿಸಾಗರವು ಕರ್ನಾಟಕದ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ಕೆರೆ’. ಆಮೇಲೆ ಭೂಗೋಳ, ಇತಿಹಾಸ, ನೀರಾವರಿ, ಐತಿಹ್ಯ. ಪ್ರತಿ ಭಾಗಕ್ಕೂ ಉಲ್ಲೇಖ. ಕೊನೆಗೆ ವರ್ಗ (ಒಂದೇ ಬಗೆಯ ಲೇಖನಗಳ ಗುಂಪು) ಸೇರಿಸಿ, ಇತರ ಭಾಷೆಗಳ ಲೇಖನಗಳಿಗೆ ವಿಕಿಡೇಟಾ ಎಂಬ ದತ್ತಾಂಶ ತಾಣದ ಮೂಲಕ ಜೋಡಿಸಿ. ಪ್ರಯೋಗಪುಟದಲ್ಲಿ ಪೂರ್ತಿ ಸಿದ್ಧಪಡಿಸಿ, ಆಮೇಲೆ ಲೇಖನವಾಗಿ ಸರಿಸಿ. ಆರು ಒಳ್ಳೆಯ ಸಾಲುಗಳಿದ್ದು ಎರಡು ಗಟ್ಟಿ ಉಲ್ಲೇಖಗಳಿದ್ದರೂ ಅದು ಒಳ್ಳೆಯ ಆರಂಭ.

ಅನುವಾದದ ಬಗ್ಗೆ

ಇಂಗ್ಲಿಷ್ ಲೇಖನವನ್ನು ಅನುವಾದಿಸುವುದು ಸುಲಭದ ದಾರಿಯಂತೆ ಕಾಣುತ್ತದೆ. ವಿಕಿಪೀಡಿಯದಲ್ಲೇ ಅದಕ್ಕೊಂದು ಉಪಕರಣವಿದೆ. ಯಂತ್ರಾನುವಾದವನ್ನು ತಿದ್ದದೆ ಹಾಗೇ ಬಿಟ್ಟರೆ ಅದು ಎಚ್ಚರಿಸುತ್ತದೆ. ಕನ್ನಡಕ್ಕೆ ಇದರ ಕಹಿ ಅನುಭವ ಹಳೆಯದು. 2009ರ ನಂತರದ ಒಂದೆರಡು ವರ್ಷಗಳಲ್ಲಿ ಗೂಗಲ್ ತನ್ನ ಅನುವಾದದ ಉಪಕರಣ ಬಳಸಿ, ಹಣ ಕೊಟ್ಟು, ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಮಾಡಿಸಿತು. ಬಂಗಾಳಿ ವಿಕಿಪೀಡಿಯದವರು ಆ ಗುಣಮಟ್ಟವನ್ನು ಒಪ್ಪದೆ ನಿಲ್ಲಿಸಿದರು. ಕನ್ನಡದಲ್ಲಿ ಉದ್ದುದ್ದ ಲೇಖನಗಳು ಬಂದು ಕೂತವು. ಅವುಗಳ ವಾಕ್ಯಗಳನ್ನು ಬಿಡಿಸಿಕೊಳ್ಳಲು ಓದುಗ ಇಂಗ್ಲಿಷ್ ಮೂಲಕ್ಕೇ ಹೋಗಬೇಕಾಗುತ್ತಿತ್ತು.

ಒಂದೊಂದು ಪರಿಚ್ಛೇದವನ್ನು ಓದಿ, ಅರ್ಥಮಾಡಿಕೊಂಡು, ಕನ್ನಡದಲ್ಲಿ ಹೊಸದಾಗಿ ಹೇಳಿ. ‘ಈ ಸೇತುವೆಯು ಬ್ರಿಟಿಷರಿಂದ ಕಟ್ಟಲ್ಪಟ್ಟಿತು’ ಎಂದು ಬರೆಯದೆ ‘ಈ ಸೇತುವೆಯನ್ನು ಬ್ರಿಟಿಷರು ಕಟ್ಟಿದರು’ ಎನ್ನಿ. ಉದ್ದ ವಾಕ್ಯವನ್ನು ಎರಡು ಮಾಡಿ. ಇಂಗ್ಲಿಷ್ ಲೇಖನದ ಉಲ್ಲೇಖಗಳನ್ನು ತೆರೆದು ನೋಡಿ, ಅಲ್ಲಿ ಆ ಮಾತು ನಿಜವಾಗಿ ಇದ್ದರೆ ಮಾತ್ರ ತನ್ನಿ. ಯಾವ ಲೇಖನದಿಂದ ಅನುವಾದಿಸಿದಿರಿ ಎಂದು ಸಾರಾಂಶದಲ್ಲಿ ಹೇಳುವುದು ಪರವಾನಗಿಯ ಷರತ್ತು. ಅಲ್ಲಿನ ಲೇಖಕರಿಗೆ ಸಲ್ಲಬೇಕಾದ ಋಣವೂ ಹೌದು.

ನಿಮ್ಮ ಬರಹವನ್ನು ಇನ್ನೊಬ್ಬರು ತಿದ್ದಿದಾಗ

ತಿದ್ದುತ್ತಾರೆ. ತಿದ್ದಲೇಬೇಕು. ಪ್ರಕಟಿಸಿದ ಮೇಲೆ ಲೇಖನ ನಿಮ್ಮದಲ್ಲ, ಅದರಡಿ ನಿಮ್ಮ ಹೆಸರೂ ಇರುವುದಿಲ್ಲ. ಲೇಖನವನ್ನು ವೀಕ್ಷಣಾಪಟ್ಟಿಗೆ ಸೇರಿಸಿಕೊಂಡರೆ ಬದಲಾವಣೆಗಳು ತಿಳಿಯುತ್ತವೆ. ಯಾರಾದರೂ ನಿಮ್ಮ ಸಾಲನ್ನು ತೆಗೆದಿದ್ದರೆ ಮೊದಲು ಇತಿಹಾಸದಲ್ಲಿ ಅವರ ಸಾರಾಂಶ ಓದಿ. ‘ಉಲ್ಲೇಖವಿಲ್ಲ’ ಎಂದಿದ್ದರೆ ಉಲ್ಲೇಖದೊಂದಿಗೆ ಮರಳಿ ಹಾಕಿ. ಕಾರಣ ತಿಳಿಯದಿದ್ದರೆ ಲೇಖನದ ಚರ್ಚಾಪುಟದಲ್ಲಿ ಕೇಳಿ, ಕೊನೆಗೆ ~~~~ ಹಾಕಿ. ನಿಮ್ಮ ಸಹಿಯೂ ಸಮಯವೂ ತಾನಾಗಿ ಮೂಡುತ್ತವೆ. ಅವರು ತೆಗೆಯುವುದು, ನೀವು ಹಾಕುವುದು, ಮತ್ತೆ ಅವರು ತೆಗೆಯುವುದು ಹೀಗೆ ನಡೆದರೆ ಪುಟ ಅಳಿಸುವ, ಸದಸ್ಯರನ್ನು ತಡೆಯುವ ಅಧಿಕಾರವಿರುವ ನಿರ್ವಾಹಕರು ಇಬ್ಬರನ್ನೂ ತಡೆಯಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಮೂರು ಸಲಕ್ಕಿಂತ ಹೆಚ್ಚು ಹಿಂದಿರುಗಿಸುವಂತಿಲ್ಲ ಎಂದೇ ನಿಯಮವಿದೆ. ನನ್ನನ್ನು ಕೇಳಿದರೆ ಎರಡನೆಯ ಸಲಕ್ಕೇ ನಿಲ್ಲಿಸಿ ಮಾತಿಗೆ ಇಳಿಯುವುದು ಒಳ್ಳೆಯದು.

ಮಾತು ಚುಟುಕಾಗಿ, ಒರಟಾಗಿ ಕಂಡರೂ ಎದುರಿನವರು ಲೇಖನದ ಒಳಿತಿಗೇ ಮಾಡಿದ್ದಾರೆ ಎಂದು ಭಾವಿಸಿ ಉತ್ತರಿಸಿ. ಅವರೂ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿರುವವರು. ಇಬ್ಬರಿಂದ ಬಗೆಹರಿಯದ್ದು ಎಲ್ಲರಿಗೂ ಸಂಬಂಧಿಸಿದ್ದಾದರೆ ಸಮುದಾಯದ ಚರ್ಚೆಗೆಂದೇ ಇರುವ ‘ಅರಳಿ ಕಟ್ಟೆ’ ಎಂಬ ಪುಟಕ್ಕೆ ತನ್ನಿ. ಹೊಸಬರ ಪ್ರಶ್ನೆಗಳನ್ನೂ ಅಲ್ಲಿ ಕೇಳಬಹುದು.

ಲೇಖನದ ಮೇಲೆ ‘ಅಳಿಸಬೇಕು’ ಎಂಬ ಸೂಚನಾಫಲಕ ಕಾಣಿಸಿದರೆ ಆ ಫಲಕವನ್ನು ತೆಗೆಯಬೇಡಿ. ಅದರಲ್ಲಿ ಬರೆದ ಕಾರಣ ಓದಿ, ಆಕರಗಳನ್ನು ಸೇರಿಸಿ, ಚರ್ಚಾಪುಟದಲ್ಲಿ ಏನು ಸೇರಿಸಿದಿರಿ ಎಂದು ತಿಳಿಸಿ. ಅಷ್ಟರಲ್ಲಿ ಲೇಖನ ಅಳಿಸಿಹೋಗಿದ್ದರೂ ಬರೆದದ್ದು ಪೂರ್ತಿ ಮಾಯವಾಗುವುದಿಲ್ಲ. ಅಳಿಸಿದ ಪುಟಗಳನ್ನು ನಿರ್ವಾಹಕರು ನೋಡಬಲ್ಲರು. ಅಳಿಸಿದವರ ಚರ್ಚಾಪುಟಕ್ಕೆ ಹೋಗಿ, ಹಕ್ಕುಸ್ವಾಮ್ಯದ ತೊಂದರೆ ಇಲ್ಲದ ಪಕ್ಷದಲ್ಲಿ ಆ ಪಠ್ಯವನ್ನು ನಿಮ್ಮ ಸದಸ್ಯಪುಟದಡಿಗೆ ಮರಳಿಸಿಕೊಡುವಂತೆ ವಿನಂತಿಸಿ. ಕೋರಿಕೆಯ ಜೊತೆ ಹೊಸದಾಗಿ ಸಿಕ್ಕ ಎರಡು ಆಕರಗಳ ಹೆಸರು, ವರ್ಷ, ಪುಟಸಂಖ್ಯೆ ಬರೆಯಿರಿ. ಲೇಖನ ಮರಳಿ ಬರಲು ಆಧಾರವಾಗುವುದು ಆ ಎರಡು ಸಾಲುಗಳೇ.